‘ಮೊಂ ಮಾರಿ’ ಎಂದು ಹೇಳಿಕೊಂಡ ನಾಲ್ಕು ದಿನ: ಮಾಂಟ್ರಿಯಲ್‌ನ ವಿಲೇಜ್ ವಾಸ್ತವ್ಯದ ವಿಮರ್ಶೆ

ಕೋಣೆ ಕಾಯ್ದಿರಿಸುವ ಜಾಲತಾಣಗಳಲ್ಲಿ ಹೋಟೆಲಿನ ಚಿತ್ರದ ಕೆಳಗೆ ವೈಫೈ, ಇಸ್ತ್ರಿಪೆಟ್ಟಿಗೆ, ಪಾರ್ಕಿಂಗ್ ಮುಂತಾದವುಗಳ ಸಾಲಿನಲ್ಲಿ ಸಲಿಂಗಿಗಳಿಗೂ ಸ್ವಾಗತವಿದೆ ಎಂಬರ್ಥದ ಕಾಮನಬಿಲ್ಲಿನದೊಂದು ಪುಟ್ಟ ಗುರುತೂ ಇರುತ್ತದೆ. ಆ ಗುರುತನ್ನು ನಂಬಿ ಮೂರು ವರ್ಷಗಳ ಹಿಂದೆ ನಾನು ಮತ್ತು ನನ್ನ ಗಂಡ ಕೆನಡಾದ ಫ್ರೆಂಚ್ ಭಾಷಿಕ ಕೆಬೆಕ್ ಪ್ರಾಂತ್ಯದ ಮಾಂಟ್ರಿಯಲ್ ನಗರದ ನಡುಭಾಗದಲ್ಲಿದ್ದ ದೊಡ್ಡ ಹೋಟೆಲೊಂದರಲ್ಲಿ ಜೋಡಿಮಂಚದ ಕೋಣೆ ಹಿಡಿದಿದ್ದೆವು. ರಾತ್ರಿ ಹತ್ತರ ಹೊತ್ತಿಗೆ ರೈಲಿಳಿದು ಅಲ್ಲಿಗೆ ಹೋದರೆ ನಮ್ಮ ಕೈಗೆ ಬಂದದ್ದು ಎರಡು ಒಂಟಿಮಂಚಗಳ ಕೋಣೆಯ ಕೀಲಿ. ಇಬ್ಬರು ಗಂಡಸರ ಹೆಸರು ಕಂಡು ‘ನಿಮ್ಮ ಅನುಕೂಲಕ್ಕೆಂದೇ’ ಬದಲಾಯಿಸಿದೆವು ಎಂದು ರಿಸೆಪ್ಷನ್‌ನಲ್ಲಿದ್ದ ಯುವಕ ತುಂಬ ವಿನಯದಿಂದ ವಿವರಿಸಿದ. ಅವನ ಮಾತಿನಲ್ಲಿ ತಿರಸ್ಕಾರದ ಎಳೆಯೂ ಇರಲಿಲ್ಲ, ಆದ್ದರಿಂದಲೇ ಜಗಳವಾಡಲೂ ಆಗಲಿಲ್ಲ. ಕೋಣೆಗೆ ಹೋಗಿ ಮಂಚಗಳನ್ನು ಎಳೆದು ಕೂಡಿಸಿದೆವು. ನಡುರಾತ್ರಿಯಲ್ಲಿ ಅವು ಮೆಲ್ಲಗೆ ಬೇರೆಯಾಗಿ ನನ್ನ ಒಂದು ಕಾಲು ಸಂದಿಯಲ್ಲಿ ಸಿಕ್ಕಿಕೊಂಡಿತು.

ಕಳೆದ ಜುಲೈ ತಿಂಗಳಲ್ಲಿ ಅದೇ ನಗರಕ್ಕೆ ಮತ್ತೆ ಹೊರಟಾಗ ಗುರುತನ್ನು ನೋಡಿ ಆರಿಸುವುದನ್ನು ಬಿಟ್ಟು, ಬೇರೆ ಬಗೆಯಲ್ಲಿ ಯೋಜನೆ ಹಾಕಿದೆವು. ಸಲಿಂಗಿಗಳ ನೆಲೆಯೆಂದೇ ಹೆಸರಾದ ‘ವಿಲೇಜ್’ ಎಂಬ ಬಡಾವಣೆಯ ಒಳಗೇ, ಎಂಟು ಕೋಣೆಗಳ ಒಂದು ಅತಿಥಿಗೃಹದಲ್ಲಿ ನಾಲ್ಕು ರಾತ್ರಿ ಉಳಿದೆವು. ಈ ಬರಹ ಆ ಅತಿಥಿಗೃಹದ, ಅದಕ್ಕಿಂತ ಹೆಚ್ಚಾಗಿ ಆ ಬಡಾವಣೆಯ ವಿಮರ್ಶೆ. ಮನೆಯ ಬಗ್ಗೆ ಒಂದೆರಡು ದೂರುಗಳೂ ಇರುವುದರಿಂದ ಅದರ ಹೆಸರನ್ನು ಇಲ್ಲಿ ಬರೆಯುವುದಿಲ್ಲ.

ಕೋಣೆ ಕಾಯ್ದಿರಿಸುವ ಮೊದಲು ಮಾಲೀಕರಿಗೆ ನಾನೊಂದು ಇಮೇಲ್ ಬರೆದೆ. ನನ್ನ ಹರಕು ಫ್ರೆಂಚಿನಲ್ಲಿ ಬರೆಯಲು ಕುಳಿತಾಗಲೇ ಒಂದು ಸಂಗತಿ ಹೊಳೆಯಿತು. ಕನ್ನಡದಲ್ಲಿ ‘ಸಂಗಾತಿ’ ಎಂಬ ಮಾತಿನ ಮರೆಯಲ್ಲಿ ಎಷ್ಟು ದಿನ ಬೇಕಾದರೂ ನಿಲ್ಲಬಹುದು, ಏಕೆಂದರೆ ಅದು ಗಂಡೋ ಹೆಣ್ಣೋ ಎಂಬುದನ್ನು ಬಿಟ್ಟುಕೊಡುವುದಿಲ್ಲ. ಇಂಗ್ಲಿಷಿನ ‘ಪಾರ್ಟ್ನರ್’ ಕೂಡ ಅಷ್ಟೇ. ಫ್ರೆಂಚಿನಲ್ಲಿ ಅಂಥ ಆಸರೆ ಸಿಗುವುದು ಕಷ್ಟ. ಹೆಚ್ಚಿನ ಪದಗಳೊಡನೆ ‘ನನ್ನ’ ಎಂಬುದೇ ಅಲ್ಲಿ ‘ಮೊಂ’ ಅಥವಾ ‘ಮಾ’ ಎಂದು ಕವಲೊಡೆದು, ಮುಂದೆ ಬರುವವರು ಗಂಡೋ ಹೆಣ್ಣೋ ಎಂಬುದನ್ನು ಮೊದಲೇ ಹೇಳಿಬಿಡುತ್ತದೆ. ಕೆಬೆಕ್‌ನವರು ಸಾಮಾನ್ಯವಾಗಿ ಬಳಸುವ ‘ಕೊಂಜ್ವ್ಯಾಂ’ ಎಂಬ ಪದವೂ ಹೆಣ್ಣಾದರೆ ‘ಕೊಂಜ್ವ್ಯಾಂತ್’ ಆಗುತ್ತದೆ. ಸ್ನೇಹಿತ ಎಂಬರ್ಥದ ‘ಮೊನಾಮಿ’ ಒಂದೇ ಎರಡಕ್ಕೂ ಒಂದೇ ಬಗೆಯಲ್ಲಿ ಕೇಳಿಸುತ್ತದೆ, ಆದರೆ ಹನ್ನೊಂದು ವರ್ಷ ಜೊತೆಗಿರುವವನನ್ನು ಸ್ನೇಹಿತ ಎಂದು ಬರೆಯಲು ಮನಸ್ಸಾಗಲಿಲ್ಲ. ಕೊನೆಗೆ ‘ಮೊಂ ಮಾರಿ’, ಅಂದರೆ ‘ನನ್ನ ಗಂಡ’, ಎಂದು ಬರೆದು ಕಳುಹಿಸಿದೆ. ಗಂಡನನ್ನು ಮಾರಿ ಎಂದು ಕರೆಯುವ ಭಾಷೆ ಕನ್ನಡದ ಕಿವಿಗೆ ಹೇಗೆ ಕೇಳಿಸುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪಕ್ಕದಲ್ಲಿ ಕುಳಿತು ಓದುತ್ತಿದ್ದ ಮಾರಿಯೂ ನಕ್ಕ.

ಅರ್ಧ ಗಂಟೆಯಲ್ಲಿ ಉತ್ತರ ಬಂತು. ಮಂಚದ ವಿಚಾರಕ್ಕೆ ಅರ್ಧ ವಾಕ್ಯ, ಉಳಿದ ಹತ್ತು ಸಾಲುಗಳೆಲ್ಲ ರಸ್ತೆ ಬದಿಯ ಕೋಣೆಗೂ ಹಿಂಬದಿಯ ಕೋಣೆಗೂ ಇರುವ ಸದ್ದಿನ ವ್ಯತ್ಯಾಸವನ್ನು ಕುರಿತವು. ಸಲಿಂಗಿಸ್ನೇಹಿ ಎಂಬ ಮಾತಿಗೆ ನಾನು ಒಪ್ಪಿಕೊಳ್ಳುವ ಒರೆಗಲ್ಲು ಇಷ್ಟೇ: ನಾವು ಇಬ್ಬರು ಗಂಡಸರು ಎಂಬುದು ಅಲ್ಲಿ ಮಾತನಾಡಲು ತಕ್ಕ ವಿಷಯವೇ ಆಗಿರಬಾರದು. ಇಬ್ಬರ ಮನೆತನದ ಹೆಸರು ಬೇರೆ ಬೇರೆ ಎಂಬುದನ್ನೂ ಯಾರೂ ಗಮನಿಸಲಿಲ್ಲ. ಕೆಬೆಕ್‌ನಲ್ಲಿ 1981ರಿಂದ ಗಂಡ ಹೆಂಡತಿ ಯಾರೇ ಆದರೂ ಮದುವೆಯ ನಂತರ ತಮ್ಮ ಹುಟ್ಟು ಹೆಸರನ್ನೇ ಉಳಿಸಿಕೊಳ್ಳಬೇಕೆಂಬುದು ಕಾನೂನು. ಹಾಗಾಗಿ ಒಂದೇ ಕೋಣೆಗೆ ಎರಡು ಮನೆತನದ ಹೆಸರುಗಳಿರುವುದು ಅಲ್ಲಿ ತೀರ ಮಾಮೂಲು.

ಮನೆಯ ವಿಚಾರಕ್ಕೆ ಬರುತ್ತೇನೆ. ಈ ಬಡಾವಣೆಯಲ್ಲಿ ಸಾಲುಗಟ್ಟಿ ನಿಂತ ಹಳೆಯ ಇಟ್ಟಿಗೆಯ ಮನೆಗಳ ಎರಡನೆಯ ಮಹಡಿಗೆ ಹೊರಗಿನಿಂದಲೇ ಕಬ್ಬಿಣದ ಬಾಗುಮೆಟ್ಟಿಲು ಇರುವುದು ಮಾಂಟ್ರಿಯಲ್‌ನ ವಿಶೇಷ. ನೋಡಲು ಸೊಗಸು, ಚಿತ್ರ ತೆಗೆಯಲು ಇನ್ನೂ ಸೊಗಸು, ಆದರೆ ಎರಡು ದೊಡ್ಡ ಸೂಟ್‌ಕೇಸುಗಳನ್ನು ಹೊತ್ತು ಆ ತಿರುವಿನಲ್ಲಿ ಹತ್ತುವಾಗ ಸೊಗಸಿನ ಲೆಕ್ಕ ತಪ್ಪುತ್ತದೆ. ಮಂಡಿನೋವಿರುವವರು ನೆಲಮಹಡಿಯ ಕೋಣೆಯನ್ನೇ ಕೇಳಿ ಪಡೆಯುವುದು ಒಳ್ಳೆಯದು. ಮಾಲೀಕರ ಸಲಹೆಯನ್ನು ಅತಿಬುದ್ಧಿವಂತಿಕೆಯಿಂದ ತಳ್ಳಿಹಾಕಿ, ಬೀದಿಯ ನೋಟ ಬೇಕೆಂದು ನಾವು ಮುಂಬದಿಯ ಕೋಣೆಯನ್ನು ಆರಿಸಿಕೊಂಡೆವು. ಕೆಬೆಕ್‌ನಲ್ಲಿ ಬಾರುಗಳು ಬೆಳಗಿನ ಜಾವ ಮೂರು ಗಂಟೆಯವರೆಗೆ ತೆರೆದಿರುತ್ತವೆ, ಮುಚ್ಚಿದ ಮೇಲೆ ಅಲ್ಲಿದ್ದವರೆಲ್ಲ ಮಾತು ಮುಗಿಸುವುದು ನಮ್ಮ ಕಿಟಕಿಯ ಕೆಳಗೇ ಎಂಬುದು ಮೊದಲ ರಾತ್ರಿಯೇ ತಿಳಿಯಿತು. ಯಾರೋ ಒಬ್ಬಾತ ತನ್ನನ್ನು ಬಿಟ್ಟುಹೋದ ಇನ್ನೊಬ್ಬನ ಗುಣದೋಷಗಳನ್ನು ಗೆಳೆಯರಿಗೆ ಬಿಡಿಸಿ ಬಿಡಿಸಿ ಹೇಳುತ್ತಿದ್ದ. ನನ್ನ ಫ್ರೆಂಚ್ ಆ ಒಂದು ರಾತ್ರಿಯಲ್ಲಿ ಸಾಕಷ್ಟು ಸುಧಾರಿಸಿತು.

ಕೋಣೆಯ ಸ್ವಚ್ಛತೆಗೆ ಪೂರ್ತಿ ಅಂಕ ಕೊಡಬಹುದು. ಸ್ನಾನದ ಕೋಣೆ ಇಕ್ಕಟ್ಟು, ನೀರು ಬಿಸಿಯಾಗಲು ತಡ, ಕಿಟಕಿಗೆ ಸಿಕ್ಕಿಸಿದ್ದ ಏಸಿ ಯಂತ್ರದ ಗದ್ದಲ ಬೀದಿಯ ಗದ್ದಲವನ್ನು ಮುಚ್ಚುವಷ್ಟಿತ್ತು. ಇವುಗಳನ್ನು ಹೇಳಿದಾಗ ಮಾಲೀಕರು ತಲೆದೂಗಿದರೇ ಹೊರತು ಏನೂ ಬದಲಾಗಲಿಲ್ಲ. ಬೆಳಗಿನ ತಿಂಡಿಗೆ ಒಂದು ಉದ್ದನೆಯ ಮೇಜಿನ ಸುತ್ತ ಎಲ್ಲ ಅತಿಥಿಗಳೂ ಒಟ್ಟಿಗೆ ಕೂರಬೇಕು. ಮೊದಲ ದಿನ ಇದು ಕಿರಿಕಿರಿ ಅನ್ನಿಸಿತು, ಎರಡನೆಯ ದಿನ ಇದಕ್ಕಾಗಿಯೇ ಬೇಗ ಎದ್ದೆವು. ಫ್ರಾನ್ಸಿನ ಲಿಯೋನ್ ನಗರದಿಂದ ಬಂದಿದ್ದ ಇಬ್ಬರು ನಿವೃತ್ತ ಶಿಕ್ಷಕಿಯರು ಅಲ್ಲಿದ್ದರು; ನಲವತ್ತು ವರ್ಷ ಒಟ್ಟಿಗೆ ಬಾಳಿದ ಅವರಿಗೆ ಕೆಬೆಕ್‌ನವರ ಉಚ್ಚಾರಣೆ ನಮ್ಮಷ್ಟೇ ಅರ್ಥವಾಗದೆ ಹೋಗುತ್ತಿದ್ದುದು ನನಗೆ ಎಲ್ಲಿಲ್ಲದ ಸಮಾಧಾನ ತಂದಿತು.

ಹಣದ ಲೆಕ್ಕದಲ್ಲಿ ಎಚ್ಚರ ಬೇಕು. ಜಾಲತಾಣದಲ್ಲಿ ಕಂಡ ಬಾಡಿಗೆ ರಾತ್ರಿಗೆ 160 ಕೆನಡಾ ಡಾಲರ್. ಅದರ ಮೇಲೆ ಶೇ. 3.5ರ ವಸತಿ ತೆರಿಗೆ, ಶೇ. 5ರ ಕೇಂದ್ರ ತೆರಿಗೆ, ಶೇ. 9.975ರ ಕೆಬೆಕ್ ತೆರಿಗೆ ಸೇರಿ ನಾವು ಕೊಟ್ಟದ್ದು 190ರ ಆಸುಪಾಸು. ಊಟದ ಮೆನುವಿನಲ್ಲಿಯೂ ಕೊನೆಯ ಎರಡು ತೆರಿಗೆಗಳು ಸೇರಿರುವುದಿಲ್ಲ, ಜೊತೆಗೆ ಶೇ. 15ರಿಂದ 20ರಷ್ಟು ಟಿಪ್ಸ್ ಕೊಡುವುದು ರೂಢಿ. ಕಾರ್ಡ್ ಯಂತ್ರಗಳು ಸೂಚಿಸುವ ಟಿಪ್ಸನ್ನು ತೆರಿಗೆಗೆ ಮುಂಚಿನ ಮೊತ್ತದ ಮೇಲೆಯೇ ಲೆಕ್ಕ ಹಾಕಬೇಕೆಂದು 2025ರ ಮೇ 7ರಿಂದ ಅಲ್ಲಿ ಕಾನೂನಾಗಿದೆ. ಹೀಗಿದ್ದೂ ಒಂದು ಕೆಫೆಯ ಯಂತ್ರ ತೆರಿಗೆಯನ್ನೂ ಸೇರಿಸಿ ಕೇಳಿತು. ಪರಿಚಾರಕಿ ತಾನೇ ನಾಚಿಕೊಂಡು ಸರಿಪಡಿಸಿದಳು.

ಇನ್ನು ಬಡಾವಣೆಯ ವಿಚಾರ. ಸೇಂಟ್ ಕ್ಯಾಥರಿನ್ ರಸ್ತೆಯ ಪೂರ್ವಭಾಗದಲ್ಲಿ, ಸೇಂತ್ ಯುಬೇರ್ ರಸ್ತೆಯಿಂದ ಪಾಪಿನೋ ರಸ್ತೆಯವರೆಗಿನ ಸುಮಾರು ಒಂದು ಕಿಲೋಮೀಟರ್ ಉದ್ದಕ್ಕೂ ವಿಲೇಜ್ ಹರಡಿದೆ. ನಾವು ಆಂಟಾರಿಯೊದಿಂದ ರೈಲಿನಲ್ಲಿ ಬಂದವರು. ಕೇಂದ್ರ ನಿಲ್ದಾಣದ ಪಕ್ಕದ ಬೊನಾವೆಂಚರ್‌ನಲ್ಲಿ ಕಿತ್ತಳೆ ಮಾರ್ಗದ ಮೆಟ್ರೊ ಹಿಡಿದು, ಬೆರಿ-ಯುಕಾಮ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿ, ಮುಂದಿನದೇ ಆದ ಬೋದ್ರಿ ನಿಲ್ದಾಣದಲ್ಲಿ ಇಳಿದೆವು. ವಿಮಾನದಲ್ಲಿ ಬರುವವರಿಗೆ ಹಗಲುರಾತ್ರಿ ಓಡುವ 747 ಸಂಖ್ಯೆಯ ಬಸ್ಸು ನೇರ ಬೆರಿ-ಯುಕಾಮ್‌ಗೆ ತಂದುಬಿಡುತ್ತದೆ, ಅಲ್ಲಿಂದ ವಿಲೇಜ್ ನಡಿಗೆಯ ದಾರಿ. ಬೋದ್ರಿ ನಿಲ್ದಾಣದ ಪ್ಲಾಟ್‌ಫಾರ್ಮಿನಿಂದ ಮೇಲೆ ಬರುವ ದಾರಿಯಲ್ಲಿ, ನಿಂತಲ್ಲಿಯೇ ನಮ್ಮನ್ನು ಮುಂದೆ ಸಾಗಿಸುವ ಚಲಿಸುವ ಹಾದಿ ಇದೆ; ಆ ಮೆಟ್ರೊದ ಬೇರೆ ಯಾವ ನಿಲ್ದಾಣದಲ್ಲೂ ಇದು ಇಲ್ಲ. ಹೊರಬಂದು ತಿರುಗಿ ನೋಡಿದರೆ ನಿಲ್ದಾಣದ ಮುಖದ ಕಂಬಗಳಿಗೆ ಕಾಮನಬಿಲ್ಲಿನ ಬಣ್ಣಗಳು. 1999ರಲ್ಲಿ ಪ್ರವೇಶದ್ವಾರವನ್ನು ಹೊಸದಾಗಿ ಕಟ್ಟುವಾಗ ಸರ್ಕಾರಿ ಸಾರಿಗೆ ಸಂಸ್ಥೆಯೇ ಇವನ್ನು ಸೇರಿಸಿತು ಎಂಬುದು ನನಗೆ ಮುಖ್ಯವಾಗಿ ತೋರಿತು. ಕಾಮನಬಿಲ್ಲಿನ ಬಾವುಟವನ್ನು ಸಲಿಂಗಿಗಳ ‘ಪ್ರೈಡ್’ ತಿಂಗಳಾದ ಜೂನ್‌ನಲ್ಲಿ ಏರಿಸಿ ಜುಲೈನಲ್ಲಿ ಮಡಿಸಿ ಇಡಬಹುದು, ಕಂಬವನ್ನು ಹಾಗೆ ಮಾಡಲಾಗುವುದಿಲ್ಲ.

ಬೇಸಿಗೆಯಲ್ಲಿ ಈ ರಸ್ತೆಗೆ ವಾಹನಗಳ ಪ್ರವೇಶವಿಲ್ಲ. 2008ರಿಂದ ಈ ಪದ್ಧತಿ ನಡೆದುಬಂದಿದೆ. ಕ್ಲೋದ್ ಕೊರ್ಮಿಯೆ ಎಂಬ ಭೂದೃಶ್ಯ ವಾಸ್ತುಶಿಲ್ಪಿ 2011ರಲ್ಲಿ ರಸ್ತೆಯ ಮೇಲೆ ಉದ್ದಕ್ಕೂ ತೂಗಿಸಿದ ಗುಲಾಬಿ ಚೆಂಡುಗಳ ಚಪ್ಪರದ ಚಿತ್ರವನ್ನು ಅನೇಕರು ನೋಡಿರಬಹುದು. ಮುಂದೆ ಅದೇ ಹದಿನೆಂಟು ಬಣ್ಣಛಾಯೆಗಳ ಚಪ್ಪರವಾಯಿತು, 2019ರ ಬೇಸಿಗೆಯೊಂದಿಗೆ ಕೊನೆಗೊಂಡಿತು. ಇಂದಿಗೂ ಹಲವು ಪ್ರವಾಸಿ ಪುಟಗಳು ಆ ಹಳೆಯ ಚಿತ್ರವನ್ನೇ ಹಾಕಿ ಜನರನ್ನು ಕರೆಯುತ್ತಿವೆ. ತಲೆಯೆತ್ತಿ ಚೆಂಡು ಹುಡುಕುತ್ತಿದ್ದ ಒಂದಿಬ್ಬರನ್ನು ನಾವೂ ಕಂಡೆವು.

ಈ ಊರಿನ ಸ್ನೇಹಭಾವ ತಾನಾಗಿ ಮೂಡಿದ್ದಲ್ಲ. 1977ರ ಅಕ್ಟೋಬರ್ 22ರಂದು ಸ್ಟ್ಯಾನ್ಲಿ ರಸ್ತೆಯ ಟ್ರಕ್ಸ್ ಎಂಬ ಬಾರಿಗೆ ಪೊಲೀಸರು ನುಗ್ಗಿ 146 ಗಂಡಸರನ್ನು ಬಂಧಿಸಿದರು. ಮರುದಿನ ಸುಮಾರು ಎರಡು ಸಾವಿರ ಜನ ಬೀದಿಗಿಳಿದು ರಸ್ತೆ ತಡೆದರು. ಅದೇ ವರ್ಷದ ಡಿಸೆಂಬರ್‌ನಲ್ಲಿ ಕೆಬೆಕ್ ಸರ್ಕಾರ ತನ್ನ ಮಾನವ ಹಕ್ಕುಗಳ ಸನ್ನದಿಗೆ ತಿದ್ದುಪಡಿ ತಂದು, ಲೈಂಗಿಕ ಒಲವಿನ ಆಧಾರದ ಮೇಲೆ ತಾರತಮ್ಯ ಮಾಡುವುದನ್ನು ನಿಷೇಧಿಸಿತು. ಕೆನಡಾದ ಪ್ರಾಂತ್ಯಗಳಲ್ಲಿ ಹೀಗೆ ಮಾಡಿದ ಮೊದಲನೆಯದು ಅದು. ಸಲಿಂಗ ವಿವಾಹ ಅಲ್ಲಿ 2004ರ ಮಾರ್ಚ್ 19ರಿಂದ, ಇಡೀ ದೇಶದಲ್ಲಿ 2005ರ ಜುಲೈ 20ರಿಂದ ಕಾನೂನುಬದ್ಧ. ಆ ಬಾರು ಇದ್ದದ್ದು ನಗರದ ಪಶ್ಚಿಮಕ್ಕೆ, ಇಂಗ್ಲಿಷ್ ಹೆಚ್ಚು ಕೇಳುವ ಪೇಟೆಯಲ್ಲಿ; 1980ರ ದಶಕದಲ್ಲಿ ಬಾರುಗಳು ಬಾಡಿಗೆ ಕಡಿಮೆಯಿದ್ದ, ಫ್ರೆಂಚ್ ಮಾತನಾಡುವ ಕಾರ್ಮಿಕರ ಈ ಪೂರ್ವದ ಬಡಾವಣೆಗೆ ಒಂದೊಂದಾಗಿ ಬಂದು ನೆಲೆಸಿದವು. ಕೋಣೆ ಹುಡುಕುವವರಿಗೆ ಇದರ ನೇರ ಉಪಯೋಗವೂ ಇದೆ: ನಗರದ ನಡುಭಾಗದ ಹೋಟೆಲಿನಲ್ಲಿ ಇಂಗ್ಲಿಷ್ ಸಾಕಾಗುತ್ತದೆ, ವಿಲೇಜ್‌ನಲ್ಲಿ ‘ಬೊಂಜೂರ್’ ಎಂದು ಮಾತು ಶುರುಮಾಡಿದರೆ ಎದುರಿನವರ ಮುಖ ಅರಳುವುದು ಕಾಣುತ್ತದೆ. ಅಂಗಡಿಯವರು ಎರಡೂ ಭಾಷೆಗಳನ್ನು ಸೇರಿಸಿ ‘ಬೊಂಜೂರ್-ಹಾಯ್’ ಎನ್ನುವುದುಂಟು. ಬರೀ ಬೊಂಜೂರ್ ಎಂದರೆ ಸಾಕೆಂದು ಕೆಬೆಕ್‌ನ ಶಾಸನಸಭೆ 2017ರಲ್ಲಿ ಒಮ್ಮತದ ನಿರ್ಣಯವನ್ನೇ ಮಾಡಿತು. ಭಾಷೆಯ ಬಗ್ಗೆ ಇಷ್ಟು ಕಟ್ಟುನಿಟ್ಟಾಗಿರುವ ಜನ ನನ್ನ ತಪ್ಪು ಫ್ರೆಂಚಿನ ಬಗ್ಗೆ ತೋರಿಸಿದ ತಾಳ್ಮೆ ದೊಡ್ಡದು.

ನೋಡಲೇಬೇಕಾದ ಜಾಗ ಯಾವುದು ಎಂದು ಕೇಳಿದರೆ, ನಾನು ಬಾರನ್ನಲ್ಲ, ಒಂದು ಚರ್ಚನ್ನು ಹೇಳುತ್ತೇನೆ. ವಿಸಿತಾಸ್ಯೋಂ ರಸ್ತೆಯಲ್ಲಿರುವ, 1850ರ ದಶಕದಲ್ಲಿ ಕಟ್ಟಿದ ಸೇಂತ್ ಪಿಯೆರ್ ಅಪೋತ್ರ್ ಎಂಬ ಕ್ಯಾಥೊಲಿಕ್ ಚರ್ಚಿನ ಒಂದು ಬದಿಯ ಗರ್ಭಗುಡಿಯನ್ನು ಏಡ್ಸ್‌ನಿಂದ ತೀರಿಕೊಂಡವರ ನೆನಪಿಗೆ 1996ರಲ್ಲಿ ಮೀಸಲಿಟ್ಟರು. ‘ಭರವಸೆಯ ಗುಡಿ’ ಎಂದು ಅದರ ಹೆಸರು. ಮಧ್ಯಾಹ್ನದ ಬಿಸಿಲಿನಿಂದ ಒಳಗೆ ಹೋದಾಗ ಮೊದಲಿಗೆ ಏನೂ ಕಾಣಲಿಲ್ಲ, ಮೇಣದ ವಾಸನೆಯಷ್ಟೇ ಬಂತು. ಕಣ್ಣು ಹೊಂದಿಕೊಂಡ ಮೇಲೆ ಕಂಡದ್ದು ಆರದಂತೆ ಕಾಯುತ್ತಿರುವ ಒಂದು ದೀಪ, ಅದರ ಮುಂದಿನ ಬೆಂಚಿನಲ್ಲಿ ಟೋಪಿಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತ ಎಪ್ಪತ್ತರ ಆಸುಪಾಸಿನ ಒಬ್ಬರು. ನಾವು ಹಿಂದಿನ ಸಾಲಿನಲ್ಲಿ ಕುಳಿತು ಎದ್ದು ಬರುವವರೆಗೂ ಅವರು ಅಲುಗಾಡಲಿಲ್ಲ. ಅಲ್ಲಿಂದ ನಡೆದರೆ ಪಾನೆ ರಸ್ತೆಯ ಮೂಲೆಯಲ್ಲಿ ಅದೇ ಸ್ಮರಣೆಗೆ ಮೀಸಲಾದ ‘ಪಾರ್ಕ್ ದ ಲೆಸ್ಪ್ವಾರ್’ ಎಂಬ ಸಣ್ಣ ಉದ್ಯಾನವಿದೆ. ಐಸ್‌ಕ್ರೀಮ್ ತಿನ್ನುತ್ತ ಅಲ್ಲಿ ಕುಳಿತವರಲ್ಲಿ ಹೆಚ್ಚಿನವರು ಅದು ಸ್ಮಾರಕವೆಂಬುದನ್ನೇ ಗಮನಿಸಿದಂತಿರಲಿಲ್ಲ.

ರಾತ್ರಿಗೆ ಕ್ಯಾಬರೆ ಮಾದೋ. ಮಾದೋ ಲಾಮೋತ್ ಎಂಬ ಹೆಸರಿನಿಂದ ಪ್ರಸಿದ್ಧರಾದ, ಹೆಣ್ಣುವೇಷ ತೊಟ್ಟು ರಂಜಿಸುವ ಡ್ರ್ಯಾಗ್ ಕಲಾವಿದೆ 2002ರಲ್ಲಿ ತೆರೆದ ಈ ರಂಗಮಂದಿರ ಸೇಂಟ್ ಕ್ಯಾಥರಿನ್ ರಸ್ತೆಯಲ್ಲಿಯೇ ಇದೆ. ಮುಂದಿನ ಸಾಲಿನಲ್ಲಿ ಕುಳಿತವರ ಮಾನ ಕಲಾವಿದೆಯರ ಕೈಯಲ್ಲಿರುತ್ತದೆ ಎಂಬುದು ಗೊತ್ತಿದ್ದೂ ತಡವಾಗಿ ಹೋಗಿ ಮುಂದಿನ ಸಾಲಿನಲ್ಲಿಯೇ ಕುಳಿತೆವು. ಹಸಿರು ವಿಗ್ಗಿನ ಒಬ್ಬಾಕೆ ನನ್ನ ಗಂಡನ ಚೌಕಳಿ ಅಂಗಿಯನ್ನು ಎರಡು ಬೆರಳಿನಲ್ಲಿ ಎತ್ತಿ ಹಿಡಿದು ಏನೋ ಹೇಳಿದಳು, ಇಡೀ ಸಭೆ ಬಿದ್ದು ಬಿದ್ದು ನಕ್ಕಿತು. ಕೆಬೆಕ್‌ನ ಆಡುಮಾತಿನ ವೇಗಕ್ಕೆ ನಮ್ಮ ಕಿವಿ ನಿಲುಕದೆ ನಾವೂ ಸುಮ್ಮನೆ ನಕ್ಕೆವು. ಅದು ಅಡುಗೆಮನೆಯ ಮೇಜುಬಟ್ಟೆಯ ವಿಚಾರವಾಗಿತ್ತೆಂದು ಮರುದಿನ ಬೆಳಿಗ್ಗೆ ಮಾಲೀಕರು ಬಿಡಿಸಿ ಹೇಳಿದರು. ಹಾಸ್ಯದ ಮುಕ್ಕಾಲು ಪಾಲು ಭಾಷೆಯಲ್ಲಿಯೇ ಇರುವುದರಿಂದ ಫ್ರೆಂಚ್ ಸ್ವಲ್ಪವೂ ಬಾರದವರಿಗೆ ಇಡೀ ಸಂಜೆ ಇಲ್ಲಿ ಕಳೆಯುವುದು ಬೇಸರವಾಗಬಹುದು. ಹಾಡು ಕುಣಿತಗಳಿಗಷ್ಟೇ ಬರುವುದಾದರೆ ಆ ಚಿಂತೆಯಿಲ್ಲ. ಪಾನೀಯಗಳಿಗೆ ಬೆಲೆ ಹೆಚ್ಚಲ್ಲ, ಕುರ್ಚಿಗಳು ಮಾತ್ರ ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ.

ಹೊಗಳಿಕೆಯನ್ನು ಇಲ್ಲಿಗೆ ನಿಲ್ಲಿಸಿ, ಪ್ರವಾಸಿ ಕೈಪಿಡಿಗಳು ಬಾಯಿಬಿಡದ ಸಂಗತಿಗೆ ಬರಬೇಕು. ವಿಲೇಜ್‌ನಲ್ಲಿ ಮನೆಯಿಲ್ಲದೆ ಬೀದಿಯಲ್ಲಿ ಬದುಕುವವರು ಬಹಳಷ್ಟು ಮಂದಿ ಇದ್ದಾರೆ. ಮಾದಕವಸ್ತುವಿನ ಹಿಡಿತಕ್ಕೆ ಸಿಕ್ಕವರೂ ಕಣ್ಣಿಗೆ ಬೀಳುತ್ತಾರೆ. ಮುಖ್ಯರಸ್ತೆಯಲ್ಲಿಯೇ ಸಾಲಾಗಿ ಮುಚ್ಚಿದ ಅಂಗಡಿಗಳು, ಗಾಜಿನ ಮೇಲೆ ಹಳದಿಗಟ್ಟಿದ ‘ಬಾಡಿಗೆಗೆ ಇದೆ’ ಫಲಕಗಳು ಕಂಡವು. ನಮಗೆ ನಾಲ್ಕು ದಿನದಲ್ಲಿ ಯಾವ ತೊಂದರೆಯೂ ಆಗಲಿಲ್ಲ. ಆದರೂ ಬೆರಿ-ಯುಕಾಮ್ ನಿಲ್ದಾಣದ ಸುತ್ತ ನಡುರಾತ್ರಿಯ ನಂತರ ಒಬ್ಬೊಬ್ಬರೇ ನಡೆಯುವುದಕ್ಕಿಂತ ಜೊತೆಯಲ್ಲಿ ಹೋಗುವುದು ಲೇಸೆಂದು ಅಲ್ಲಿನವರೇ ಹೇಳಿದರು. ಇದಕ್ಕೆ ಹೆದರಿ ಬೇರೆಡೆ ಕೋಣೆ ಹಿಡಿಯಬೇಕಿಲ್ಲ, ಆದರೆ ಬಣ್ಣದ ಚಿತ್ರಗಳನ್ನಷ್ಟೇ ನೋಡಿ ಬಂದವರಿಗೆ ಮೊದಲ ಸಂಜೆ ಪೆಚ್ಚೆನಿಸುವುದು ಖಂಡಿತ. ಈ ನೆಲದಲ್ಲಿ ಜನ ನೆಲೆ ಕಳೆದುಕೊಂಡದ್ದು ಹೊಸದೇನೂ ಅಲ್ಲ: ಪಕ್ಕದಲ್ಲಿ ರೇಡಿಯೊ ಕೆನಡಾ ಎಂಬ ಸಾರ್ವಜನಿಕ ಪ್ರಸಾರ ಸಂಸ್ಥೆಯ ಗೋಪುರ ಕಟ್ಟುವುದಕ್ಕಾಗಿ 1963ರಲ್ಲಿ ಕಾರ್ಮಿಕರ ಒಂದು ಇಡೀ ಕೇರಿಯನ್ನೇ ಕೆಡವಿ ಸುಮಾರು ಐದು ಸಾವಿರ ಮಂದಿಯನ್ನು ಎಬ್ಬಿಸಿದ್ದರು. ಆ ಕಾರ್ಮಿಕರ ಬದುಕನ್ನು ತೋರಿಸುವ ಪುಟ್ಟ ವಸ್ತುಸಂಗ್ರಹಾಲಯವೊಂದು ಅತಾತೆಕೆನ್ ರಸ್ತೆಯ ಹಳೆಯ ಸಾರ್ವಜನಿಕ ಸ್ನಾನಗೃಹದಲ್ಲಿದೆ, ಬಿಡುವಿದ್ದವರು ನೋಡಬಹುದು. 2019ರವರೆಗೆ ಆಮ್ಹರ್ಸ್ಟ್ ಎಂಬ ಬ್ರಿಟಿಷ್ ಸೇನಾನಿಯ ಹೆಸರಿದ್ದ ಆ ರಸ್ತೆಗೆ ಈಗಿರುವುದು ಒಡಹುಟ್ಟಿದವರು ಎಂಬರ್ಥದ, ಮೊಹಾಕ್ ಎಂಬ ಮೂಲನಿವಾಸಿಗಳ ಭಾಷೆಯ ಪದ.

ಇನ್ನೊಂದು ಕೊರತೆಯೆಂದರೆ ವಿಲೇಜ್ ಮುಖ್ಯವಾಗಿ ಗಂಡಸರ ಊರು. ತಿಂಡಿಯ ಮೇಜಿನ ಶಿಕ್ಷಕಿಯರು ಎರಡು ಸಂಜೆ ಸುತ್ತಿ, ತಮಗೆ ಹಿಡಿಸಿದ ಜಾಗ ಬೋದ್ರಿ ರಸ್ತೆಯ ಸ್ತ್ರೀವಾದಿ ಪುಸ್ತಕದಂಗಡಿಯೊಂದೇ ಎಂದರು. 2016ರಲ್ಲಿ ಸಹಕಾರಿ ಸಂಘವಾಗಿ ತೆರೆದ ಲೂಗೇಲಿಯೊನ್ ಎಂಬ ಆ ಅಂಗಡಿಗೆ ನಾವೂ ಹೋಗಿ ಒಂದು ಗಂಟೆ ಕಳೆದೆವು. ನಗರದ ಕಾರ್ಯಕ್ರಮಗಳನ್ನು ತಿಳಿಯಲು 1984ರಿಂದ ಹೊರಬರುತ್ತಿರುವ ‘ಫ್ಯೂಗ್’ ಎಂಬ ಉಚಿತ ಪತ್ರಿಕೆ ಸಾಕು.

ಯಾವಾಗ ಹೋಗಬೇಕು ಎಂಬ ಪ್ರಶ್ನೆಗೆ ಜನ ಸಾಮಾನ್ಯವಾಗಿ ಆಗಸ್ಟ್ ಎನ್ನುತ್ತಾರೆ, ಏಕೆಂದರೆ ‘ಫಿಯೆರ್ತೆ ಮೊಂರೆಯಾಲ್’ ಪ್ರೈಡ್ ಹಬ್ಬ ಆಗ ನಡೆಯುತ್ತದೆ. ರೆನೆ ಲೆವೆಕ್ ಎಂಬ ಅಗಲ ರಸ್ತೆಯಲ್ಲಿ ಸಾಗುವ ಆ ಮೆರವಣಿಗೆ ಏಡ್ಸ್‌ಗೆ ಬಲಿಯಾದವರಿಗಾಗಿ ಒಂದು ನಿಮಿಷ ಇದ್ದಲ್ಲಿಯೇ ನಿಂತು ಮೌನವಾಗುವುದನ್ನು ನೋಡಲು ನನಗೂ ಆಸೆಯಿದೆ. ಆದರೆ ಅದೇ ವಾರ ಬಾಡಿಗೆ ಏರುತ್ತದೆ, ಒಳ್ಳೆಯ ಮನೆಗಳು ತಿಂಗಳುಗಳ ಮುಂಚೆಯೇ ತುಂಬಿಹೋಗುತ್ತವೆ. ಜುಲೈ ನಮಗೆ ಹದವಾಗಿತ್ತು: ರಸ್ತೆಯಲ್ಲಿ ವಾಹನವಿಲ್ಲ, ಕೆಫೆಗಳ ಹೊರಾಂಗಣ ಟೆರೇಸುಗಳು ತೆರೆದಿರುತ್ತವೆ, ಜಾಕ್ ಕಾರ್ತಿಯೆ ಸೇತುವೆಯ ಕಡೆಯಿಂದ ಕೆಲವು ರಾತ್ರಿ ಸಿಡಿಮದ್ದಿನ ಸ್ಪರ್ಧೆಯ ಬೆಳಕು ಮನೆಯ ಮಾಳಿಗೆಗೇ ಕಾಣುತ್ತದೆ. ನವೆಂಬರ್ ತಿಂಗಳಲ್ಲಿ 1987ರಿಂದ ನಡೆದುಬಂದಿರುವ ‘ಇಮೇಜ್+ನೇಶನ್’ ಚಿತ್ರೋತ್ಸವವಿದೆ. ಆಗ ಚಳಿ ಇರುತ್ತದೆ, ಜನಜಂಗುಳಿ ಕಡಿಮೆ.

ಅಂಕ ಕೊಡಲೇಬೇಕೆಂದರೆ ಮನೆಗೆ ಐದರಲ್ಲಿ ಮೂರೂವರೆ, ಬಡಾವಣೆಗೆ ನಾಲ್ಕು. ನವೆಂಬರಿಗೆ ಅದೇ ಮನೆಯ ಹಿಂಬದಿಯ ಕೋಣೆಯನ್ನು ಕಾಯ್ದಿರಿಸಿದ್ದೇವೆ. ಈ ಸಲದ ಇಮೇಲ್‌ನಲ್ಲಿ ಬಿಸಿನೀರಿನ ಬಗ್ಗೆ ಎರಡು ಸಾಲು ಬರೆದೆ, ಮಂಚದ ಬಗ್ಗೆ ಏನೂ ಬರೆಯಲಿಲ್ಲ.